ಹಸಿರು ಶಾಯಿ, ಕೆಂಪು ಗೂಡು

ಕೆಲವರ ಹಣೆಯಲ್ಲಿ ಅದೇನು ಬರೆದಿರುತ್ತದೋ, ಬಸ್ಸಿನಲ್ಲಿ ಕೂತರೆ ಸಾಕು, ಪಕ್ಕದವರು ತಮ್ಮ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತಾರೆ. ನನ್ನ ಹಣೆಯಲ್ಲಿ ಬರೆದದ್ದು ಇಂಟರ್‌ನೆಟ್ಟಿನ ಪ್ರಿಂಟ್‌ಔಟು. ಎಲ್ಲಿಗೆ ವರ್ಗವಾಗಿ ಹೋದರೂ ಯಾರಾದರೊಬ್ಬರು ನಾಲ್ಕಾಗಿ ಮಡಿಸಿದ ಹಾಳೆ ಬಿಚ್ಚಿ, "ಮೇಡಂ, ಇದು ನಿಜಾನಾ ನೋಡಿ" ಎನ್ನುವುದು ಮಾತ್ರ ತಪ್ಪಲೇ ಇಲ್ಲ.

ಇದಕ್ಕೆ ಕಾರಣ ಇತ್ತು. ನಾನು ಜೀವಶಾಸ್ತ್ರದ ಟೀಚರು. ಸಾಲದ್ದಕ್ಕೆ, ಊರೂರಿಗೂ ಬ್ರೌಸಿಂಗ್ ಸೆಂಟರ್ ಬರತೊಡಗಿದ ಆ ವರ್ಷಗಳಲ್ಲೇ ನನಗೆ ಸರ್ಕಾರಿ ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಆಗಿ ಬಡ್ತಿ ಸಿಕ್ಕಿ, ನಾನು ಗೆಜೆಟೆಡ್ ಆಫೀಸರ್ ಆಗಿಬಿಟ್ಟೆ. ಗೆಜೆಟೆಡ್ ಅಂದರೆ ದೊಡ್ಡದೇನೂ ಅಲ್ಲ. ಒಂದು ಹಸಿರು ಶಾಯಿಯ ಪೆನ್ನು, ಒಂದು ದುಂಡನೆ ಸೀಲು. ಯಾರಾದರೂ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತಂದರೆ ಒರಿಜಿನಲ್ ಜೊತೆ ಹೋಲಿಸಿ ನೋಡಿ, ಸಹಿ ಹಾಕಿ, ಸೀಲು ಒತ್ತಿ ಕೊಡಬೇಕು. ಆ ಸಹಿಯ ಅರ್ಥ ಇಷ್ಟೇ: ಆ ಕಾಗದದಲ್ಲಿ ಏನಿದೆಯೋ ಈ ಕಾಗದದಲ್ಲೂ ಅದೇ ಇದೆ. ಜನ ತಿಳಿದುಕೊಂಡದ್ದು ಬೇರೆ. ಹಸಿರು ಶಾಯಿ ಬಿತ್ತು ಅಂದರೆ ಅದನ್ನು ಸರ್ಕಾರವೇ ಹೇಳಿದ ಹಾಗೆ.

ನನ್ನದೂ ಒಂದು ದೌರ್ಬಲ್ಯ ಇದೆ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದಿದ್ದು ಶುದ್ಧ ಸುಳ್ಳು ಎಂದು ಗೊತ್ತಾದ ಮೇಲೂ, ನಿಜವಾಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಕಿಟಕಿಯಾಚೆ ನೋಡುತ್ತ ಅರ್ಧ ಗಂಟೆ ಕೂತುಬಿಡುತ್ತೇನೆ. ವಿಜ್ಞಾನ ಓದಿದವಳಿಗೆ ಇದು ಶೋಭೆಯಲ್ಲ. ಕೊನೆಗೆ ಒಂದು ಮನೆಯ ಬೆಳೆಗೇ ಕುತ್ತು ಬರುವಂತಾದದ್ದು ಈ ಅಭ್ಯಾಸದಿಂದಲೇ.

ಒರಿಜಿನಲ್ ಎಲ್ಲಿ?

ಗೌರಿಬಿದನೂರಿಗೆ ಹೋದ ಹೊಸತು. ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ತರುಣನೊಬ್ಬ ಶಿಫ್ಟ್ ಮುಗಿಸಿ ಅದೇ ನೀಲಿ ಯೂನಿಫಾರ್ಮಿನಲ್ಲಿ ನನ್ನ ಆಫೀಸಿಗೆ ಬಂದ. ಪೊಲೀಸ್ ಕಾನ್‌ಸ್ಟೆಬಲ್ ಕೆಲಸಕ್ಕೆ ಅರ್ಜಿ ಹಾಕುವವನಿದ್ದ. ಮಾರ್ಕ್ಸ್ ಕಾರ್ಡು, ಜಾತಿ ಸರ್ಟಿಫಿಕೇಟು, ಒಂದೊಂದಕ್ಕೂ ಸಹಿ ಹಾಕುತ್ತ ಹೋದೆ. ತಳದಲ್ಲಿ ಒಂದು ಇಂಗ್ಲಿಷ್ ಪ್ರಿಂಟ್‌ಔಟು ಸಿಕ್ಕಿತು. ದಿನಾ ಬೆಳಿಗ್ಗೆ ಕಂಬಿಗೆ ಜೋತುಬಿದ್ದು ಯಾವುದೋ ಬೇರಿನ ಕಷಾಯ ಕುಡಿದರೆ, ಯಾವ ವಯಸ್ಸಿನವರಾದರೂ ಆರು ವಾರದಲ್ಲಿ ಎತ್ತರ ಬೆಳೆಯುತ್ತಾರಂತೆ. ವಿಜ್ಞಾನಿಗಳೇ ಒಪ್ಪಿದ್ದಾರಂತೆ.

"ಇದ್ಯಾಕಪ್ಪ ಅರ್ಜಿ ಜೊತೆಗೆ?" ಎಂದೆ.

"ನಾನು ಎರಡು ಸೆಂಟಿಮೀಟರ್ ಕಮ್ಮಿ ಇದೀನಿ ಮೇಡಂ. ಈಗ ಕಮ್ಮಿ ಇದ್ರೂ ಸೆಲೆಕ್ಷನ್ ಹೊತ್ತಿಗೆ ಬೆಳೀತಾನೆ ಅಂತ ಪ್ರೂಫ್ ಇಡ್ತಿದೀನಿ."

ಮೂಳೆಯ ತುದಿಗಳು ಒಂದು ವಯಸ್ಸಿಗೆ ಕೂಡಿಕೊಂಡುಬಿಡುತ್ತವೆ, ಆಮೇಲೆ ಜೋತುಬಿದ್ದರೆ ತೋಳು ನೋಯುತ್ತದೆಯೇ ಹೊರತು ಎತ್ತರ ಬರುವುದಿಲ್ಲ ಎಂದು ಚಿತ್ರ ಬರೆದು ವಿವರಿಸಿದೆ. ಅವನು ವಿನಯದಿಂದ ಕೇಳಿಸಿಕೊಂಡ. ಆದರೆ ಅವನ ಮುಖದಲ್ಲಿದ್ದ ಆಸೆ ನೋಡಿ ನನಗೇ ಒಂದು ಥರ ಆಯಿತು. ಕಿಟಕಿಯಾಚೆ ನೋಡಿದೆ. ಮೈದಾನದ ಕಂಬಿಗೆ ಅವನು ಜೋತುಬಿದ್ದಿದ್ದಾನೆ, ಪ್ಯಾಂಟು ದಿನದಿನಕ್ಕೂ ಗಿಡ್ಡವಾಗುತ್ತಿದೆ, ಅವನ ತಾಯಿ ಅಂಚು ಬಿಚ್ಚಿ ಹೊಲಿಯುತ್ತ ನಗುತ್ತಿದ್ದಾರೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ, ಅವನು ಕೆಮ್ಮಿದಾಗ ಎಚ್ಚರವಾಯಿತು.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಿಯಮದ ಹಿಂದೆ ಅಡಗಿಕೊಂಡೆ. "ಒರಿಜಿನಲ್ ನೋಡದೆ ಅಟೆಸ್ಟ್ ಮಾಡೋ ಹಾಗಿಲ್ಲಪ್ಪ."

"ಒರಿಜಿನಲ್ ಕಂಪ್ಯೂಟರ್ ಒಳಗಿದೆ ಮೇಡಂ. ಸೆಂಟರ್‌ನವರು ಅದನ್ನ ಆಚೆ ಕಳಿಸಲ್ಲ." ಒಂದು ನಿಮಿಷ ಯೋಚಿಸಿದ. "ಹಂಗ್ ನೋಡಿದ್ರೆ ಒರಿಜಿನಲ್ ನಾನೇ ಅಲ್ವಾ? ಗೋಡೆ ಮೇಲೆ ಒಂದು ಗೆರೆ ಎಳ್ಕೊಳಿ ಮೇಡಂ. ಆರು ವಾರ ಬಿಟ್ಟು ಬರ್ತೀನಿ, ನೀವೇ ಹೋಲಿಸಿ ನೋಡಿ."

ಅವನನ್ನು ಬಾಗಿಲ ಪಕ್ಕ ನಿಲ್ಲಿಸಿ, ತಲೆಯ ಮೇಲೆ ಸ್ಕೇಲಿಟ್ಟು, ಅದೇ ಹಸಿರು ಪೆನ್ನಿನಲ್ಲಿ ಗೆರೆ ಎಳೆದೆ. ಹೇಳಿದ ಹಾಗೆ ಆರು ವಾರಕ್ಕೆ ಸರಿಯಾಗಿ ಬಂದ. ತೋಳು ಗಟ್ಟಿಯಾಗಿತ್ತು, ಎದೆ ಅಗಲವಾಗಿತ್ತು. ಗೋಡೆಗೆ ಬೆನ್ನು ಕೊಟ್ಟು ಉಸಿರು ಬಿಗಿಹಿಡಿದು ನಿಂತ. ತಲೆ ಅದೇ ಗೆರೆಗೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಬಂತು. ಅವನು ತಿರುಗಿ ಗೆರೆ ನೋಡಿದ, ಆಮೇಲೆ ಬಹಳ ನೋವಿನಿಂದ ನನ್ನನ್ನು ನೋಡಿದ.

"ಮೇಡಂ, ಬೇಜಾರು ಮಾಡ್ಕೋಬೇಡಿ. ನಾನು ಹೋದ ಮೇಲೆ ಗೆರೆ ಸ್ವಲ್ಪ ಮೇಲಕ್ಕೆ ಎಳೆದ್ರಾ?"

ಹೊಗಳಿದ ಸಾಲು, ಬೈದ ಸಾಲು

ಚಿಂತಾಮಣಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರರೊಬ್ಬರಿದ್ದರು. ಬೈಯುವುದು ಅವರಿಗೆ ಉಸಿರಾಟದಷ್ಟೇ ಸಹಜ. ಹಾಲಿನವನು, ಪೇಪರಿನವನು, ಕೊನೆಗೆ ಗೋಡೆಯ ಗಡಿಯಾರ, ಯಾರಿಗೂ ವಿನಾಯಿತಿ ಇರಲಿಲ್ಲ. ಅಂಥವರು ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಪ್ರಿಂಟ್‌ಔಟು ಚಾಚಿದರು. ಗಿಡಗಳ ಹತ್ತಿರ ಪ್ರೀತಿಯಿಂದ ಮಾತಾಡಿದರೆ ಹಣ್ಣು ಎರಡರಷ್ಟು ಬಿಡುತ್ತದೆ ಎಂದು ಅದರಲ್ಲಿತ್ತು.

"ನೀವು ಸೈನ್ಸಿನವರು. ನಂಬಬಹುದಾ?"

"ಸುಮ್ಮನೆ ನಂಬೋದು ಬೇಡ ಸಾರ್. ಹಿತ್ತಲಲ್ಲಿ ಎರಡು ಸಾಲು ಟೊಮೆಟೊ ಇದೆಯಲ್ಲ, ನೀರು ಗೊಬ್ಬರ ಎರಡಕ್ಕೂ ಒಂದೇ ಥರ ಹಾಕಿ. ಒಂದು ಸಾಲನ್ನ ಹೊಗಳಿ. ಇನ್ನೊಂದರ ಹತ್ತಿರ ಏನೂ ಮಾತಾಡದೆ ಇರಿ. ಆಮೇಲೆ ಹಣ್ಣು ಎಣಿಸಿ ನೋಡಣ."

ಮರುದಿನದಿಂದ ನಮ್ಮ ಬೆಳಗುಗಳ ಬಣ್ಣವೇ ಬದಲಾಯಿತು. ಎಳೆ ಬಿಸಿಲು, ಅಂಬಾಜಿದುರ್ಗದ ಕಡೆಯಿಂದ ತಣ್ಣನೆ ಗಾಳಿ, ಕಾಂಪೌಂಡಿನ ಆಚೆಯಿಂದ ಮೆಲುದನಿ: "ಬಾಮ್ಮ, ಎಷ್ಟು ಚೆನ್ನಾಗಿ ಎಲೆ ಬಿಟ್ಟಿದೀಯಮ್ಮ ನನ್ ಬಂಗಾರ." ನಾನು ಕಾಫಿ ಲೋಟ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಲೋಕದಲ್ಲಿ ಎಲ್ಲ ಮುಂಗೋಪಿಗಳಿಗೂ ಒಂದೊಂದು ಸಾಲು ಟೊಮೆಟೊ ಸಿಗಬಾರದೇ ಅನಿಸುತ್ತಿತ್ತು.

ತೊಂದರೆ ಎರಡನೇ ಸಾಲಿನದು. ಸುಮ್ಮನಿರುವುದು ಅವರ ಜಾಯಮಾನಕ್ಕೇ ಒಗ್ಗದು. ಮೂರನೇ ದಿನಕ್ಕೇ, "ಏನೇ ಹಂಗ್ ನೋಡ್ತೀಯ, ಸೋಮಾರಿ, ದಂಡಪಿಂಡ" ಎಂದು ಶುರುವಾಯಿತು. ಹೊಗಳುವುದು ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು, ಬೈಗುಳ ಮುಕ್ಕಾಲು ಗಂಟೆ. ಬೈಯುತ್ತ ಬೈಯುತ್ತ ಕೈ ಸುಮ್ಮನಿರದೆ ಕಳೆ ಕೀಳುತ್ತಿದ್ದರು, ಹುಳು ಹೆಕ್ಕುತ್ತಿದ್ದರು, ಬಾಗಿದ ಕೊಂಬೆಗೆ ಕೋಲು ಕಟ್ಟುತ್ತಿದ್ದರು. ಕೊನೆಗೆ ಬೈಸಿಕೊಂಡ ಸಾಲೇ ಹಣ್ಣಿನ ಭಾರಕ್ಕೆ ನೆಲ ಮುಟ್ಟಿತು. ಅವರಿಗೆ ಇಂಟರ್‌ನೆಟ್ಟಿನ ಮೇಲೇ ವಿಪರೀತ ಕೋಪ ಬಂತು.

ಅವರ ಹೆಂಡತಿ ಒಂದು ಬುಟ್ಟಿ ಹಣ್ಣು ತಂದುಕೊಟ್ಟರು. ಅವರು ಹೆಚ್ಚು ಮಾತಿನವರಲ್ಲ. ಬುಟ್ಟಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು.

"ಮೊದಲೇ ನನ್ನ ಕೇಳಿದ್ರೆ ಹೇಳ್ತಿದ್ದೆ ಮೇಡಂ. ನಾನು ಬೈಸಿಕೊಂಡೇ ಮೂರು ಹೆತ್ತಿದೀನಿ."

ಗೋಡೆಯ ಮೇಲಿನ ಮೂರು ಪ್ರಶ್ನೆ

ಅಲ್ಲಿಂದ ಶಿಡ್ಲಘಟ್ಟ ತಾಲ್ಲೂಕಿಗೆ ವರ್ಗವಾಯಿತು. ಜಂಗಮಕೋಟೆಯಲ್ಲಿ ಬಾಡಿಗೆ ಮನೆ ಹಿಡಿದೆ. ಶಿಡ್ಲಘಟ್ಟದ ಬಸ್‌ ಸ್ಟ್ಯಾಂಡ್ ಹತ್ತಿರ ಒಂದು ಬ್ರೌಸಿಂಗ್ ಸೆಂಟರ್ ಇತ್ತು. ಅದರ ಮಾಲೀಕರು ಸಜ್ಜನರು. ಇಂಗ್ಲಿಷಿನಲ್ಲಿ ಬಂದ ಲೇಖನಗಳನ್ನು ತಾವೇ ಕನ್ನಡಕ್ಕೆ ಇಳಿಸಿ, ಟೈಪ್ ಮಾಡಿ, ಪ್ರಿಂಟ್ ತೆಗೆದು ಕೊಡುತ್ತಿದ್ದರು. ಸಕ್ಕರೆ ಕಾಯಿಲೆಗೆ ಒಂದೇ ವಾರದ ಮದ್ದು, ಬೋಳುತಲೆಗೆ ಈರುಳ್ಳಿ ಹೊಗೆ, ಏನು ಕೇಳಿದರೂ ಅವರ ಹತ್ತಿರ ಇತ್ತು.

"ಜನ ಬಂದು ನಿಜಾನಾ ಸುಳ್ಳಾ ಅಂತ ನನ್ನ ಕೇಳ್ತಾರೆ ಮೇಡಂ. ನಾನು ಬಿ.ಕಾಂ., ನನಗೇನು ಗೊತ್ತು? ನೀವೇ ಏನಾದ್ರೂ ದಾರಿ ತೋರಿಸಿ" ಎಂದರು.

ನಾನು ಒಂದು ಡ್ರಾಯಿಂಗ್ ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಇದನ್ನು ಬರೆದವರು ಯಾರು? ಅವರಿಗೆ ಇದು ಹೇಗೆ ಗೊತ್ತಾಯಿತು? ಇದರ ಕೊನೆಯಲ್ಲಿ ಏನನ್ನು ಮಾರುತ್ತಿದ್ದಾರೆ? ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ನಂಬಬೇಡಿ. ಕೆಳಗೆ ಹಸಿರು ಶಾಯಿಯ ಸಹಿ, ಸೀಲು. ಸೀಲು ಬೇಡ ಎಂದೆ, ಅವರು ಬಿಡಲಿಲ್ಲ. ಶೀಟು ಕಂಪ್ಯೂಟರಿನ ಹಿಂದಿನ ಗೋಡೆಗೆ ಏರಿತು. ಊರಿಗೇ ವಿಚಾರ ಮಾಡುವುದನ್ನು ಕಲಿಸಿದ ಹೆಮ್ಮೆಯಲ್ಲಿ ನಾನು ಕೆಲವು ದಿನ ನೆಲದ ಮೇಲೆ ನಡೆಯಲಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಅಲ್ಲಿಗೆ ಹೋಗಿದ್ದೆ. ನಮ್ಮ ಶಾಲೆಯ ಹುಡುಗಿಯೊಬ್ಬಳು ತಾಯಿಯ ಜೊತೆ ಕೂತಿದ್ದಳು. ಪರದೆಯ ಮೇಲೆ ಅವಳು ವಿಜ್ಞಾನದಲ್ಲಿ ಫೇಲು. ಸಮಾಧಾನ ಹೇಳೋಣ ಎಂದು ಹತ್ತಿರ ಹೋದೆ. ಹುಡುಗಿಗೆ ಸಮಾಧಾನ ಬೇಕಿರಲಿಲ್ಲ. ಅವಳು ಗೋಡೆಯತ್ತ ಬೆರಳು ತೋರಿಸಿ ತಾಯಿಗೆ ಓದಿ ಹೇಳುತ್ತಿದ್ದಳು.

"ನೋಡಮ್ಮ, ಬರೆದೋರು ಯಾರು? ಹೆಸರೇ ಹಾಕಿಲ್ಲ. ಅವರಿಗೆ ಹೇಗ್ ಗೊತ್ತಾಯ್ತು? ಅದೂ ಹೇಳಿಲ್ಲ."

ತಾಯಿಯ ಮುಖ ಅರಳಿತು. ನನ್ನ ಕಡೆ ತಿರುಗಿ ಕೈ ಮುಗಿದರು.

"ನೀವು ಬರೆದು ಹಾಕಿದ್ದು ಒಳ್ಳೇದಾಯ್ತು ಮೇಡಂ. ಇಲ್ದಿದ್ರೆ ಈ ರಿಸಲ್ಟ್ ನಂಬ್‌ಬಿಟ್ಟು ಮಗೂಗೆ ಎರಡು ಬಾರಿಸ್ತಿದ್ದೆ."

ಕೆಂಪು ಗೂಡು

ಇನ್ನು ನನ್ನ ಬಾಡಿಗೆ ಮನೆಯ ಒಡತಿಯ ಪ್ರಸಂಗ. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮೇಡಮ್ಮ ಎನ್ನುತ್ತಿದ್ದರು. ಸಮಾಧಾನದಲ್ಲಿದ್ದಾಗ ಕನ್ನಡ, ಸಿಟ್ಟು ಬಂದರೆ ತೆಲುಗು. ಹಿತ್ತಲಲ್ಲೇ ಅವರ ಹುಳುಮನೆ, ಅದರಾಚೆ ಹಿಪ್ಪುನೇರಳೆ ತೋಟ. ಮಧ್ಯಾಹ್ನ ಸೊಪ್ಪು ಹಾಕಿದಾಗ ಸಾವಿರಾರು ಹುಳುಗಳು ಮೇಯುವ ಸದ್ದು ನನ್ನ ಅಡುಗೆಮನೆಗೆ ಕೇಳಿಸುತ್ತಿತ್ತು, ದೂರದಲ್ಲೆಲ್ಲೋ ಸೋನೆಮಳೆ ಹಿಡಿದ ಹಾಗೆ. ಆ ಸದ್ದಿಗೆ ನಾನು ಎಷ್ಟೋ ಭಾನುವಾರ ಒಲೆಯ ಮೇಲಿನ ಸಾರು ಮರೆತು ಕೂತಿದ್ದೇನೆ.

ಅಕ್ಕನಿಗೆ ಒಂದು ಆಸೆ ಇತ್ತು. ಒಮ್ಮೆ ಸೊಪ್ಪು ಬಿಡಿಸುತ್ತ ಹೇಳಿದ್ದರು: "ಹುಟ್ಟಿದಾಗಿಂದ ಹುಳು ಸಾಕ್ತಿದೀನಿ ಮೇಡಮ್ಮ. ಗೂಡು ಮಾರ್ಕೆಟ್ಟಿಗೆ ಹೋಗುತ್ತೆ, ಅಲ್ಲಿಂದ ಎಲ್ಲಿಗ್ ಹೋಗುತ್ತೋ. ನನ್ನ ಹುಳು ಬಿಟ್ಟ ನೂಲಿನದೇ ಒಂದು ಕೆಂಪು ಸೀರೆ ಉಡಬೇಕು ಅಂತ ಆಸೆ." ಆ ಮಾತು ಕೇಳಿ ನನಗೂ ಆ ಸೀರೆ ಕಣ್ಣಿಗೆ ಕಟ್ಟಿತ್ತು, ಅಂಚಿನ ಸಮೇತ.

ಒಂದು ಶುಕ್ರವಾರ ಊಟವಾದ ಮೇಲೆ, ಅಟೆಂಡರು ಸ್ಕಾಲರ್‌ಶಿಪ್ ಅರ್ಜಿಗಳ ರಾಶಿಯನ್ನು ಮೇಜಿನ ಮೇಲಿಟ್ಟು ಹೋದರು. ಕಿಟಕಿಯಿಂದ ಬೇವಿನ ಹೂವಿನ ವಾಸನೆ ಬರುತ್ತಿತ್ತು. ಕೆಳಗೆ ಒರಿಜಿನಲ್, ಮೇಲೆ ಜೆರಾಕ್ಸ್. ಹೋಲಿಸುವುದು, ಸಹಿ, ಸೀಲು. ಹೋಲಿಸುವುದು, ಸಹಿ, ಸೀಲು. ಕಣ್ಣು ಎಳೆಯುತ್ತಿತ್ತು. ಮನಸ್ಸು ಎಲ್ಲೋ ಇತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಭಾನುವಾರ ಬೆಳಿಗ್ಗೆ ಹಿತ್ತಲಿಗೆ ಹೋದರೆ ಅಕ್ಕ ಎರಡು ಮೂಟೆ ಬೀಟ್‌ರೂಟ್ ಮುಂದಿಟ್ಟುಕೊಂಡು ತುರಿಯುತ್ತಿದ್ದರು. ಕೈಯೆಲ್ಲ ಕೆಂಪು, ಮೂರು ಕೊಳಗ ರಸ. ಪಕ್ಕದಲ್ಲಿ ಬುಟ್ಟಿಗಟ್ಟಲೆ ಸೊಪ್ಪು.

"ಏನಕ್ಕ, ಮನೇಲಿ ಮದುವೆನಾ?"

"ಗೊತ್ತಿಲ್ಲದೋರ ಥರ ಕೇಳ್ತೀರಲ್ಲ ಮೇಡಮ್ಮ. ನಾಲ್ಕನೇ ಜ್ವರ ಎದ್ದಿದೆ. ಮಧ್ಯಾಹ್ನದ ಮೇವಿಂದ ಶುರು."

ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದು ಎದ್ದವೆಂದರೆ ಗೂಡು ಕಟ್ಟುವವರೆಗೆ ಒಂದೇ ಸಮ ಮೇಯುತ್ತವೆ. ಆಗ ಕೆಟ್ಟರೆ ಇಡೀ ಬೆಳೆ ಹೋದ ಹಾಗೆ. "ಏನು ಶುರು?" ಎಂದೆ. ಅಕ್ಕ ಒಳಗೆ ಹೋಗಿ ಲ್ಯಾಮಿನೇಷನ್ ಮಾಡಿಸಿದ ಹಾಳೆ ತಂದರು. ಬೀಟ್‌ರೂಟ್ ರಸದಲ್ಲಿ ಸೊಪ್ಪು ಅದ್ದಿ ತಿನ್ನಿಸಿದರೆ ರೇಷ್ಮೆ ಹುಳು ಕೆಂಪು ಗೂಡು ಕಟ್ಟುತ್ತದೆ, ವಿಜ್ಞಾನಿಗಳು ಕಂಡುಹಿಡಿದಿದ್ದಾರೆ ಎಂದಿತ್ತು. ಕೆಳಗೆ ನನ್ನ ಸಹಿ. ಹಸಿರು ಶಾಯಿ. ದುಂಡನೆ ಸೀಲು, ಒಂಚೂರೂ ಓರೆಯಾಗದೆ.

ಅಕ್ಕ ಬ್ರೌಸಿಂಗ್ ಸೆಂಟರಿನಿಂದ ತಂದಿದ್ದ ಅದರ ಒರಿಜಿನಲ್ಲು, ಜೆರಾಕ್ಸು ಎರಡನ್ನೂ ಅಟೆಂಡರ ಕೈಗೆ ಕೊಟ್ಟಿದ್ದರು. ಅವರು ಕ್ರಮವಾಗಿ ರಾಶಿಯಲ್ಲಿ ಇಟ್ಟಿದ್ದರು. ನಾನು ನಿದ್ದೆಗಣ್ಣಿನಲ್ಲಿ ಎರಡನ್ನೂ ಹೋಲಿಸಿ, ಸರಿಯಾಗಿದೆ ಎಂದು ಸಹಿ ಹಾಕಿದ್ದೆ.

"ಮನೇಲೇ ನನ್ನ ಕೇಳಬಾರದಿತ್ತಾ ಅಕ್ಕ?"

"ಮನೇಲಿ ಕೇಳಿದ್ರೆ ಬಾಯಿಮಾತಾಗ್ತಿತ್ತು. ಆಫೀಸಲ್ಲಾದ್ರೆ ಸೀಲು ಬೀಳುತ್ತೆ."

"ಒದ್ದೆ ಸೊಪ್ಪು ಹಾಕಿದ್ರೆ ಹುಳು ಕೆಡುತ್ತೆ ಅಂತ ನನಗೆ ಹೇಳಿಕೊಟ್ಟೋರೇ ನೀವು!"

"ಅದು ನಮ್ಮತ್ತೆ ಹೇಳಿದ್ದು" ಎಂದರು ಅಕ್ಕ ಶಾಂತವಾಗಿ. "ನಮ್ಮತ್ತೆ ಗೆಜೆಟೆಡ್ ಅಲ್ಲವಲ್ಲ."

ಅಳು ಬಂತು, ನಾಚಿಕೆಯೂ ಆಯಿತು. ಗೋಡೆಗೆ ಬರೆದು ಹಾಕಿದ್ದ ಮೂರು ಪ್ರಶ್ನೆಯನ್ನು ನಾನೇ ಕೇಳಿರಲಿಲ್ಲ. ಹಾಳೆಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಓದಿ ಹೇಳಿದೆ. ಬರೆದವರ ಹೆಸರಿಲ್ಲ. ಯಾವ ವಿಜ್ಞಾನಿ, ಎಲ್ಲಿ, ಎಷ್ಟು ಹುಳುವಿಗೆ ತಿನ್ನಿಸಿದರು ಎಂಬುದಿಲ್ಲ. ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ, ಬೀಟ್‌ರೂಟ್ ಪುಡಿ ತರಿಸಿಕೊಳ್ಳುವ ವಿಳಾಸ.

"ಇದೇಮಿ ಮೇಡಮ್ಮಾ!" ಅಕ್ಕನ ತೆಲುಗು ಶುರುವಾಯಿತು. ಸಿಟ್ಟೆಲ್ಲ ಇಳಿದ ಮೇಲೆ ಕನ್ನಡಕ್ಕೆ ಬಂದರು. "ಸುಳ್ಳು ಅಂತ ಈಗ ಬಾಯಲ್ಲಿ ಹೇಳಿದ್ರೆ ಹೇಗೆ? ಸೈನ್ ಹಾಕಿದ್ದು ಕಾಗದದ ಮೇಲೆ. ಹಂಗಂತ ಕಾಗದದ ಮೇಲೇ ಬರೆದುಕೊಡಿ."

ಒಳಗಿಂದ ಬ್ಯಾಗು ತಂದು, ಬಿಳಿ ಹಾಳೆಯ ಮೇಲೆ ಬರೆದೆ: "ಕೆಂಪು ಗೂಡಿನ ಕಾಗದಕ್ಕೆ ನಾನು ನಿದ್ದೆಗಣ್ಣಿನಲ್ಲಿ ಸಹಿ ಹಾಕಿರುತ್ತೇನೆ. ಇದಕ್ಕೆ ಎಚ್ಚರವಾಗಿದ್ದು ಸಹಿ ಹಾಕಿರುತ್ತೇನೆ." ನನ್ನ ಸರ್ವಿಸಿನಲ್ಲಿ ನಾನು ಬರೆದ ಅತಿ ಪ್ರಾಮಾಣಿಕ ದಾಖಲೆ ಅದು. ಅಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ ಒಪ್ಪಿದರು. ಆದರೆ ಕೊಳಗದ ರಸದ ಕಡೆ ಅವರ ಕಣ್ಣು ಹೋಗುತ್ತಲೇ ಇತ್ತು, ಸೀರೆ ಇನ್ನೂ ಆ ರಸದಲ್ಲೇ ಇತ್ತು. ನನಗೆ ಚಿಂತಾಮಣಿಯ ಟೊಮೆಟೊ ನೆನಪಾಯಿತು.

"ಒಂದು ಕೆಲಸ ಮಾಡಣ ಅಕ್ಕ. ಹತ್ತೇ ಹುಳು ಬೇರೆ ತೆಗೀರಿ. ಬೇರೆ ತಟ್ಟೆ, ನನ್ನ ಅಡುಗೆಮನೇಲಿ. ಅವಕ್ಕೆ ಬೀಟ್‌ರೂಟ್ ಸೊಪ್ಪು. ಮಿಕ್ಕಿದ್ದಕ್ಕೆಲ್ಲ ನಿಮ್ಮತ್ತೆ ಹೇಳಿದ ಹಾಗೇ."

ಆ ಒಂದು ವಾರ ನಾವಿಬ್ಬರೂ ತಟ್ಟೆಯ ಮುಂದೆ ಬಸುರಿಯನ್ನು ನೋಡಿಕೊಂಡ ಹಾಗೆ ಕೂತೆವು. ಮೊದಲು ಎರಡು ಸತ್ತವು, ಆಮೇಲೆ ನಾಲ್ಕು. ಉಳಿದ ನಾಲ್ಕು ಒಲ್ಲದ ಮನಸ್ಸಿನಿಂದ ಕೆಂಪು ಸೊಪ್ಪು ಮೇದವು. ಹುಳುಮನೆಯಲ್ಲಿ ಮಾತ್ರ ಸೋನೆಮಳೆ ನಿಲ್ಲಲಿಲ್ಲ. ಅಲ್ಲಿ ಸಾವಿರಾರು ಹುಳು ಮೇವು ಸಾಕಾಗಿ ಹಣ್ಣಾಗಿ, ಗೂಡಿಗೆಂದೇ ಹೆಣೆದ ಬಿದಿರಿನ ಚಂದ್ರಿಕೆ ಏರಿ, ತಿಳಿಹಳದಿ ಗೂಡು ಕಟ್ಟಿದವು. ಬೆಳೆ ಉಳಿಯಿತು. ನಾನು ದೇವರ ಮುಂದೆ ಎರಡು ದೀಪ ಹೆಚ್ಚಿಗೆ ಹಚ್ಚಿದೆ.

ನನ್ನ ತಟ್ಟೆಯಲ್ಲೂ ನಾಲ್ಕು ಗೂಡು ಕಟ್ಟಿದವು. ಅದೇ ತಿಳಿಹಳದಿ. ಅಕ್ಕ ಬಗ್ಗಿ ಬಹಳ ಹೊತ್ತು ನೋಡಿದರು. ತಟ್ಟೆಯ ತಳದಲ್ಲಿದ್ದ ಹಿಕ್ಕೆಯನ್ನು ಬೆರಳಲ್ಲಿ ಕೆದಕಿದರು. ಅದು ಕುಂಕುಮದಂತೆ ಕೆಂಪಗಿತ್ತು.

"ಬರೆದೋರು ಪೂರ್ತಿ ಸುಳ್ಳು ಹೇಳಿಲ್ಲ ಮೇಡಮ್ಮ" ಎಂದರು. "ಬಣ್ಣ ಬಂದಿದೆ. ಎಲ್ಲಿಂದ ಬರುತ್ತೆ ಅಂತ ಅವರು ಹೇಳಿರಲಿಲ್ಲ, ಅಷ್ಟೇ."

ನಕ್ಕು ನಕ್ಕು ನಮ್ಮಿಬ್ಬರ ಕಣ್ಣಲ್ಲೂ ನೀರು ಬಂತು. ಸಂಜೆಯ ಬಿಸಿಲು ನನ್ನ ಮೇಜಿನ ಮೇಲೆ ಬಿದ್ದಿತ್ತು. ಅಲ್ಲಿದ್ದ ಶಾಯಿಯ ಬಾಟ್ಲಿ ಹೊಳೆಯುತ್ತಿತ್ತು. ಅಕ್ಕ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಕೆಂಪೇ ಆಗಬೇಕು ಅಂತ ಹಠ ಏನಿಲ್ಲ ಮೇಡಮ್ಮ. ಹಸಿರು ಸೀರೆನೂ ನನಗೆ ಒಪ್ಪುತ್ತೆ. ಇದಾದ್ರೆ ಗೆಜೆಟೆಡ್ ಶಾಯಿ, ಮೋಸ ಮಾಡಲ್ಲ. ಮುಂದಿನ ಬೆಳೆಗೆ ಒಂದು ಕೈ ನೋಡಣ್ವಾ?"

ನಾನು ಗದರಬೇಕಿತ್ತು. ಮೂರು ಪ್ರಶ್ನೆ ಕೇಳಬೇಕಿತ್ತು. ಕಿಟಕಿಯಾಚೆ ಹಿಪ್ಪುನೇರಳೆ ತೋಟ ಗಾಳಿಗೆ ಅಲೆ ಅಲೆಯಾಗಿ ಬಾಗುತ್ತಿತ್ತು, ಅದರ ನಡುವೆ ಅಕ್ಕ ಎಲೆಹಸಿರು ರೇಷ್ಮೆ ಉಟ್ಟು ನಡೆದುಬರುತ್ತಿದ್ದರು. ಅರ್ಧ ಗಂಟೆಯೇ ಆಗಿರಬೇಕು. ಕೊನೆಗೆ, ಒಬ್ಬ ವಿಜ್ಞಾನದ ಟೀಚರಿಗೆ ಸಾಧ್ಯವಾದಷ್ಟು ಕಟ್ಟುನಿಟ್ಟಿನ ದನಿಯಲ್ಲಿ ಹೇಳಿದೆ:

"ಹತ್ತೇ ಹುಳು ಅಕ್ಕ. ಬೇರೆ ತಟ್ಟೇಲಿ."